ಬಲಕ್ಕೆ ಒಂದು ಗೇಣು

"ಇದು ಕೆಟ್ಟಿದೆ," ಅಂದಳು ನೋರೀನ್.

ನನ್ನ ಹೆಂಡತಿ ಹಾಗಂದಾಗ ನಾನು ಕಾಗದದ ತಟ್ಟೆಯ ಕಡೆ ನೋಡಿದೆ. ನಮ್ಮ ಹಿತ್ತಿಲ ದಿಬ್ಬಕ್ಕೆ ಒರಗಿಸಿದ್ದ ಹಲಗೆಗೆ ಅದನ್ನು ಮೊಳೆ ಹೊಡೆದು ಸಿಕ್ಕಿಸಿದ್ದೆವು. ಅವಳು ಪಿಸ್ತೂಲನ್ನು ಮರಳಿನ ಚೀಲದ ಮೇಲೆ ಊರಿ ಹೊಡೆದಿದ್ದಳು. ತೂತುಗಳೆಲ್ಲ ನಟ್ಟನಡುವೆ ಬಿದ್ದಿದ್ದವು. ಕಾಫಿ ಲೋಟ ಬೋರಲು ಹಾಕಿದರೆ ಎಲ್ಲವೂ ಅದರಡಿ ಮುಚ್ಚಿಹೋಗುತ್ತಿದ್ದವು.

"ಎಲ್ಲಾ ಮಧ್ಯಕ್ಕೇ ಬಿದ್ದಿದೆಯಲ್ಲೇ. ಕೆಟ್ಟಿರೋದು ಏನು?"

"ಅದೇ ಕೆಟ್ಟಿರೋದು. ಇದು ಓಪಲಕ್ಕನ ಪಿಸ್ತೂಲು ಕಣೋ ಎಲ್ಡನ್. ಇದು ನೆಟ್ಟಗೆ ಹೊಡೀಬಾರದು."

ಓಪಲಕ್ಕನ ಗಂಡ ಹೋಬರ್ಟಣ್ಣನಿಗೆ ಹಿಂದಿನಿಂದ ಇದೇ ಪಿಸ್ತೂಲಿನ ಗುಂಡು ಬಿದ್ದಿತ್ತು. ಅವನು ಆಸ್ಪತ್ರೆಯಲ್ಲಿದ್ದ, ಅವಳು ಜೈಲಿನಲ್ಲಿದ್ದಳು. ಹೊಡೆದದ್ದು ತಾನು ಎಂದು ಅವಳು ಒಪ್ಪಿಯೂ ಇರಲಿಲ್ಲ, ತಾನಲ್ಲ ಎಂದು ಹೇಳಿಯೂ ಇರಲಿಲ್ಲ. ನಾಳೆ ಬೆಳಿಗ್ಗೆ ಅವಳನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕಾದ, ಶೆರಿಫ್ ಕೈಕೆಳಗಿನ ಪೊಲೀಸು ಡೆಪ್ಯೂಟಿ ನಾನೇ.

ಪಿಸ್ತೂಲಿನ ಹೆಸರು ಕಾರ್ಡಿನಲ್. ಹೆಸರು ಹಕ್ಕಿಯದು, ತೂಕ ಮಾತ್ರ ಇಟ್ಟಿಗೆಯದು. ಸತುವಿನ ಅಚ್ಚು, ಪ್ಲಾಸ್ಟಿಕ್ಕಿನ ಹಿಡಿ. ಶನಿವಾರದ ಸಂತೆಯಲ್ಲಿ ಬೇಟೆನಾಯಿಮರಿಗಳ ಪಕ್ಕದಲ್ಲಿ ಇಟ್ಟು ಮಾರುವ ಜಾತಿ. ತಯಾರಿಸುತ್ತಿದ್ದ ಕಂಪನಿ ಮುಚ್ಚಿ ಯಾವ ಕಾಲವಾಯಿತೋ. ಬಿಡಿಭಾಗ ಬೇಕೆಂದರೆ ಇನ್ನೊಂದು ಸತ್ತ ಕಾರ್ಡಿನಲ್ ಹುಡುಕಿ ಅದರ ಹೊಟ್ಟೆ ಬಗೆಯಬೇಕು.

ವಸಂತದಲ್ಲಿ ಓಪಲಕ್ಕ ಅದನ್ನು ನೋರೀನಳ ಹತ್ತಿರ ತಂದಿದ್ದಳು. ಕೌಂಟಿಯಲ್ಲಿ ಬಂದೂಕು ರಿಪೇರಿ ಮಾಡುವವಳು ನೋರೀನ್ ಒಬ್ಬಳೇ. ಆಗ ಅದಕ್ಕೆ ಎರಡು ಕಾಯಿಲೆ ಇದ್ದವು. ಒಂದು ಗುಂಡು ಹಾರಿದ ಮೇಲೆ ಎರಡನೆಯದು ಸಿಕ್ಕಿಕೊಳ್ಳುತ್ತಿತ್ತು. ಹಾರಿದ್ದು ಒಂದು ಗೇಣು ಎಡಕ್ಕೆ ಹೋಗುತ್ತಿತ್ತು.

"ನಳಿಕೆ ತುದೀಲಿ ಗುರಿ ಹಿಡಿಯೋಕೆ ಇರೋ ಮೊಳೆ ಬಲಕ್ಕೆ ವಾಲಿದೆ, ಅದಕ್ಕೇ ಗುಂಡು ಎಡಕ್ಕೆ ಓಡುತ್ತೆ," ಎಂದು ನೋರೀನ್ ಹೇಳಿದ್ದಳು. "ಬೇರೆ ಮೊಳೆ ಎಲ್ಲೂ ಸಿಗಲ್ಲ ಓಪಲಕ್ಕ."

"ಬಿಡೇ, ಅದು ಎಡಕ್ಕೆ ಹೋದ್ರೆ ನಾನು ಬಲಕ್ಕೆ ಹಿಡೀತೀನಿ," ಎಂದು ಓಪಲಕ್ಕ ನಗುತ್ತಾ ಹೊರಟುಹೋಗಿದ್ದಳು.

ನಮ್ಮವರ ಜಾಯಮಾನವೇ ಅದು. ಸೊಟ್ಟಗಿರುವುದನ್ನು ನೆಟ್ಟಗೆ ಮಾಡುವ ಬದಲು ಅದರ ಸೊಟ್ಟವನ್ನು ಕಲಿತುಕೊಳ್ಳುತ್ತೇವೆ. ಗುರಿಯನ್ನು ಬೇಕೆಂದೇ ಪಕ್ಕಕ್ಕೆ ಹಿಡಿದು ಹೊಡೆಯುವ ಈ ಅಭ್ಯಾಸಕ್ಕೆ ಇಡೀ ದೇಶದವರು ನಮ್ಮ ರಾಜ್ಯದ ಹೆಸರನ್ನೇ ಇಟ್ಟು ಕೆಂಟಕಿ ಲೆಕ್ಕ ಎಂದು ತಮಾಷೆ ಮಾಡುತ್ತಾರೆ. ನೋರೀನ್ ನನ್ನ ಜೊತೆ ಇಷ್ಟು ವರ್ಷ ಸಂಸಾರ ಮಾಡಿರುವುದೂ ಅದೇ ಲೆಕ್ಕದಲ್ಲಿ.

ನೋರೀನ್ ಈಗ ಕೊಟ್ಟಿಗೆಯ ಬೆಂಚಿನ ಮೇಲೆ ಪಿಸ್ತೂಲನ್ನು ಬಿಚ್ಚಿ ಹರಡಿದಳು. ಸ್ಪ್ರಿಂಗು ಹೊಸದು. ಗುಂಡಿನ ಪೆಟ್ಟಿಗೆಯ ತುಟಿಗಳನ್ನು ಯಾರೋ ಇಕ್ಕಳದಲ್ಲಿ ಹದವಾಗಿ ಬಗ್ಗಿಸಿದ್ದರು.

ನಳಿಕೆಯ ತುದಿಯಲ್ಲಿ ಕರಿ ಪ್ಲಾಸ್ಟಿಕ್ ಮೊಳೆಯ ಜಾಗದಲ್ಲಿ ಬೇರೇನೋ ನೆಟ್ಟಗೆ ನಿಂತಿತ್ತು. ಹಳದಿಗೆ ಮಿಂಚುತ್ತಿತ್ತು.

"ಪಿತ್ತಳೆ," ಅಂದಳು. "ಕೈಯಲ್ಲೇ ಅರ ಹಾಕಿ ಮಾಡಿದಾರೆ. ಎಷ್ಟು ತಾಳ್ಮೆ ನೋಡು."

ಭೂತಗನ್ನಡಿ ಕೊಟ್ಟಳು. ಮೊಳೆಯ ಒಂದು ಮಗ್ಗುಲಲ್ಲಿ ಅಚ್ಚೊತ್ತಿದ ಅಂಕಿಯೊಂದರ ಅರ್ಧ ಕಂಡಿತು. ನಾನು ಕನ್ನಡಿ ಕೆಳಗಿಟ್ಟೆ. ನನ್ನ ಅಪ್ಪನೂ ಗಣಿಯವನು, ಅವಳ ಅಪ್ಪನೂ ಗಣಿಯವನು. ಅಂಥ ಅಂಕಿ ಎಲ್ಲಿರುತ್ತದೆಂದು ನಮ್ಮಿಬ್ಬರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಕಲ್ಲಿದ್ದಲಿನ ಗಣಿಗೆ ಇಳಿಯುವವನು ಒಂದು ಪಿತ್ತಳೆ ಬಿಲ್ಲೆಯನ್ನು ಮೇಲೆ ಹಲಗೆಗೆ ತಗುಲಿಸಿ, ಅದೇ ಅಂಕಿಯ ಇನ್ನೊಂದನ್ನು ಸೊಂಟದ ಪಟ್ಟಿಗೆ ಕಟ್ಟಿಕೊಂಡು ಹೋಗುತ್ತಿದ್ದ. ಮಾಡು ಕುಸಿದರೆ ಗುರುತು ಸಿಗುವುದು ಅದರಿಂದಲೇ. ಕೆಲಸ ಬಿಟ್ಟ ಮೇಲೂ ಅದನ್ನು ಯಾರೂ ಎಸೆಯುವುದಿಲ್ಲ. ಹೋಬರ್ಟಣ್ಣನದು ಅವನ ಅಡಿಗೆಮನೆಯ ಬಾಗಿಲ ಪಕ್ಕ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಗುಂಡು ಬಿದ್ದ ದಿನ ಆ ಮೊಳೆ ಖಾಲಿಯಿದ್ದದ್ದನ್ನು ನಾನೇ ನೋಡಿದ್ದೆ. ನೋಡಿಯೂ ನನ್ನ ತಲೆಗೆ ಹೋಗಿರಲಿಲ್ಲ.

"ಹೋಬರ್ಟಣ್ಣ ತನ್ನ ಬಿಲ್ಲೆ ಕತ್ತರಿಸಿದಾನೆ," ಅಂದಳು ನೋರೀನ್. ಅವಳ ದನಿ ಸಣ್ಣಗಾಗಿತ್ತು. "ಹೆಂಡತಿ ಪಿಸ್ತೂಲಿಗೆ."

ಆಮೇಲೆ ಅವಳು ನನ್ನ ಭುಜ ಹಿಡಿದು ಆ ಕಡೆ ತಿರುಗಿಸಿದಳು.

"ಅಲ್ಲಾಡಬೇಡ. ನೀನೀಗ ಹೋಬರ್ಟಣ್ಣ. ವರಾಂಡದಲ್ಲಿ ಕೂತು ಹುರುಳಿಕಾಯಿ ನಾರು ಬಿಡಿಸ್ತಿದೀಯ. ನಾನು ನಿನ್ನ ಹಿಂದೆ ಅಡಿಗೆಮನೆ ಬಾಗಿಲಲ್ಲಿದೀನಿ. ಗುಂಡು ಬಿದ್ದದ್ದೆಲ್ಲಿ?"

"ಬಲ ಹೆಗಲಿನ ಅಂಚಿಗೆ."

ಅವಳ ಕಿರುಬೆರಳು ನನ್ನ ಬಲ ಹೆಗಲಿನ ಅಂಚಿಗೆ ಬಂತು. ಅಲ್ಲಿಂದ ಎಡಕ್ಕೆ ಗೇಣು ಹಾಕಿದಳು. ಹೆಬ್ಬೆರಳು ಸರಿಯಾಗಿ ನನ್ನ ಬೆನ್ನಿನ ನಡುವೆ ಬಂದು ನಿಂತಿತು.

"ಪಿಸ್ತೂಲು ಹಳೇ ಥರ ಇದ್ದಿದ್ರೆ ಗುಂಡು ಇಲ್ಲಿಗೆ ಬರ್ತಿತ್ತು. ಹೊಡೆದವರಿಗೆ ಅದರ ಸೊಟ್ಟ ಗೊತ್ತಿತ್ತು, ಅದಕ್ಕೇ ಬಲಕ್ಕೆ ಹಿಡಿದ್ರು. ರಿಪೇರಿಯಾಗಿದ್ದು ಗೊತ್ತಿರಲಿಲ್ಲ."

ಅವಳ ಕೈ ನನ್ನ ಬೆನ್ನ ಮೇಲೇ ಇತ್ತು. ಬೇಗ ತೆಗೆಯಲಿಲ್ಲ.

"ಆ ಬಿಲ್ಲೆಯ ಚೂರೇ ಅವನನ್ನ ಉಳಿಸಿದ್ದು ಎಲ್ಡನ್," ಅಂದಳು.

"ಉಳಿಸಿತು. ಆದ್ರೆ ಬಲಕ್ಕೆ ಹಿಡೀತೀನಿ ಅಂತ ನಿನ್ನೆದುರಿಗೇ ಹೇಳಿದವಳು ಓಪಲಕ್ಕ."

ನೋರೀನ್ ಕೈ ತೆಗೆದಳು. ಓಪಲಕ್ಕನನ್ನು ಬಿಡಿಸಬೇಕೆಂದು ಬೆಳಗಿನಿಂದ ಬೆಂಚಿಗೆ ಅಂಟಿಕೊಂಡಿದ್ದವಳು ಅವಳು. ಸಿಕ್ಕಿದ್ದು ನೋಡಿದರೆ ಓಪಲಕ್ಕನನ್ನೇ ಇನ್ನಷ್ಟು ಬಿಗಿಯುವ ಹಗ್ಗ.

*

ಆಸ್ಪತ್ರೆ ಪಕ್ಕದ ಕೌಂಟಿಯಲ್ಲಿದೆ, ಗುಡ್ಡ ಹತ್ತಿ ಇಳಿಯಬೇಕು. ಹೋದಾಗ ಓಪಲಕ್ಕನ ತಮ್ಮ ಡೆಲ್ಮರ್ ಹಾಸಿಗೆಯ ಪಕ್ಕ ಕೂತು ಹೋಬರ್ಟಣ್ಣನ ತುಟಿಗೆ ಚಮಚದಲ್ಲಿ ಐಸು ಇಡುತ್ತಿದ್ದ.

ಡೆಲ್ಮರ್ ತೊಟ್ಟಿಲಲ್ಲಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಅಕ್ಕನ ಸೊಂಟದ ಮೇಲೇ ಬೆಳೆದ ಹುಡುಗ. ಈಗ ನಲವತ್ತು ದಾಟಿದ್ದ. ನಡುವೆ ನೋವಿನ ಗುಳಿಗೆಗಳ ಚಟ ಹತ್ತಿಸಿಕೊಂಡು ಹಾಳಾಗಿದ್ದ, ಹೋಬರ್ಟಣ್ಣ ಅವನನ್ನು ಮನೆ ಮೆಟ್ಟಿಲು ಹತ್ತಬೇಡ ಎಂದಿದ್ದ. ಅಂಥವನು ಇವತ್ತು ತಲೆ ಬಾಚಿಕೊಂಡು, ಒಗೆದ ಅಂಗಿ ಹಾಕಿಕೊಂಡು ಭಾವನ ಸೇವೆಗೆ ಕೂತಿದ್ದು ನೋಡಿ ನನಗೆ ನಿಜವಾಗಿ ಸಂತೋಷವಾಯಿತು.

"ಬನ್ನಿ ಎಲ್ಡನಣ್ಣ," ಎಂದು ಕುರ್ಚಿ ಸರಿಸಿದ. ಮಾತಿನ ನಡುವೆ ಸಣ್ಣಗೆ ಉಬ್ಬಸ. ಅದು ಅವನಿಗೆ ಚಿಕ್ಕಂದಿನಿಂದ ಇತ್ತು.

ಹೋಬರ್ಟಣ್ಣನ ಎದೆಯದು ಬೇರೆಯೇ ಸದ್ದು. ಗಣಿಯ ಧೂಳು ತುಂಬಿದ ಎದೆ. ಉಸಿರು ಒಳಗೆ ಹೋಗುವಾಗ ಕೀರಲು, ಹೊರಗೆ ಬರುವಾಗ ಗೊರಗೊರ.

"ಹೋಬರ್ಟಣ್ಣ, ಬಿಲ್ಲೆ ಎಲ್ಲಿ?" ಎಂದು ಕೇಳಿದೆ.

ಮುದುಕ ಕಳ್ಳತನ ಸಿಕ್ಕಿಬಿದ್ದವನ ಹಾಗೆ ನಕ್ಕ. "ನೋರೀನ್ ಕಂಡುಹಿಡಿದ್ಳಾ?"

"ಹಿಡಿದ್ಳು."

"ಓಪಲ್ ಕಣ್ಣು ಮಂಜಾಗಿದೆ ಕಣಯ್ಯಾ. ಕರೀ ಮೊಳೆ ಕಾಣಲ್ಲ ಅವಳಿಗೆ. ಪಿತ್ತಳೆ ಆದ್ರೆ ಬೆಳಕಿಗೆ ಮಿಂಚುತ್ತೆ." ಉಸಿರಿಗಾಗಿ ನಿಂತ. "ಸೊಟ್ಟ ಪಿಸ್ತೂಲು, ಮಂಜುಗಣ್ಣು. ನಾನು ಹೋದ್ಮೇಲೆ ಆ ಮನೇಲಿ ಒಬ್ಬಳೇ ಇರ್ತಾಳೆ. ಒಂದಾದ್ರೂ ನೆಟ್ಟಗಿರಲಿ ಅಂತ."

"ಬಿಲ್ಲೆ ಕತ್ತರಿಸೋಕೆ ಮನಸ್ಸು ಹೇಗೆ ಬಂತು?"

"ಇನ್ನು ಯಾರು ನನ್ನ ಹುಡುಕ್ಬೇಕು ಮಾರಾಯ? ಹುಡುಕೋಳು ಮನೇಲೇ ಇದಾಳೆ."

ನಾನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡೆ. ಡೆಪ್ಯೂಟಿಗಳು ಹಾಗೆ ಮಾಡಬಾರದು, ಆದರೂ ಮಾಡಿದೆ.

"ಯಾರಿಗೆಲ್ಲ ಹೇಳಿದ್ರಿ?"

"ಯಾರಿಗೂ ಇಲ್ಲ. ಓಪಲ್‌ಗೂ ಇಲ್ಲ. ಮುಂದಿನ ವಾರ ಅವಳ ಹುಟ್ಟುಹಬ್ಬ. ಅವಳ ಕೈಗೇ ಕೊಟ್ಟು, ಹೊಡೆದು ನೋಡು ಅನ್ನೋಣ ಅಂತಿದ್ದೆ." ಕಣ್ಣು ಮುಚ್ಚಿದ. "ಅವಳು ಹೊಡೆದಿಲ್ಲ ಎಲ್ಡನ್. ನಾನು ನೋಡಿಲ್ಲ, ನಿಜ. ಆದ್ರೂ ಅವಳಲ್ಲ."

ಡೆಲ್ಮರನ ಚಮಚ ಲೋಟದೊಳಗೇ ನಿಂತಿತ್ತು. ಐಸು ಕರಗುತ್ತಿತ್ತು.

"ನೆಟ್ಟಗೆ ಮಾಡಿಬಿಟ್ಟಿದ್ರಾ ಭಾವ, ಅದನ್ನ?" ಎಂದು ಮೆಲ್ಲಗೆ ಕೇಳಿದ.

"ಹೂಂ ಕಣೋ."

"ಒಳ್ಳೇದಾಯ್ತು," ಅಂದ. ಚಮಚ ಮತ್ತೆ ತುಟಿಗೆ ಹೋಯಿತು.

ನಾನು ಹೊರಟಾಗ ಬಾಗಿಲವರೆಗೂ ಬಂದ. "ಎಲ್ಡನಣ್ಣ, ನಾನಿಲ್ಲಿರೋದು ಅಕ್ಕನಿಗೆ ಹೇಳ್ಬೇಡಿ. ಕೆಲಸ ಬಿಟ್ಟು ಬಂದು ಕೂತಿದೀಯಾ ಅಂತ ಕೊರಗ್ತಾಳೆ. ಅವಳಿಗಿರೋ ಸಂಕಟವೇ ಸಾಕು."

ಒಳ್ಳೆಯ ತಮ್ಮ ಎಂದುಕೊಂಡು ಮೆಟ್ಟಿಲಿಳಿದೆ.

*

ನಮ್ಮ ಜೈಲರ್ ಬರ್ಲ್‌ಗೆ ಓಪಲಕ್ಕನನ್ನು ಕಂಬಿಯ ಹಿಂದೆ ಕೂರಿಸಲು ಮನಸ್ಸಾಗಿರಲಿಲ್ಲ. ಅಡಿಗೆಮನೆಯಲ್ಲಿ ಕೂರಿಸಿದ್ದ. ಅವಳು ಬಂದಾಗಿನಿಂದ ಕೈದಿಗಳಿಗೆ ಮೆಕ್ಕೆಜೋಳದ ಬ್ರೆಡ್ಡು ಬಿಸಿಬಿಸಿಯಾಗಿ ಸಿಗುತ್ತಿತ್ತು. ಬರ್ಲ್ ಕೂಡ ಅಲ್ಲೇ ಒಲೆಯ ಪಕ್ಕ ಮಜ್ಜಿಗೆಯಲ್ಲಿ ಬ್ರೆಡ್ಡು ಮುರಿದು ಹಾಕಿಕೊಂಡು ತಿನ್ನುತ್ತಿದ್ದ.

ಅವಳು ಮೇಜಿನ ಮುಂದೆ ಹುರುಳಿಕಾಯಿ ಮುರಿಯುತ್ತಿದ್ದಳು. ನಾನು ಖಾಲಿ ಪಿಸ್ತೂಲನ್ನು ಚೀಲದಿಂದ ತೆಗೆದು ಅವಳ ಮುಂದಿಟ್ಟೆ.

ಅವಳು ಕೈ ಒರೆಸಿಕೊಂಡು ಹೆಬ್ಬೆರಳಿನಿಂದ ಪಿತ್ತಳೆ ಮೊಳೆಯನ್ನು ಮುಟ್ಟಿದಳು. ಮಗುವಿನ ಕೆನ್ನೆ ಸವರುವ ಹಾಗೆ ಮುಟ್ಟಿದಳು.

"ಓಪಲಕ್ಕ, ಹೊಡೆದವರು ಇದನ್ನ ಹಳೇ ಲೆಕ್ಕದಲ್ಲೇ ಹಿಡಿದಿದ್ರು. ಬಲಕ್ಕೆ ಒಂದು ಗೇಣು. ರಿಪೇರಿ ವಿಷಯ ಅವರಿಗೆ ಗೊತ್ತಿರಲಿಲ್ಲ."

"ಹೂಂ."

"ಹೋಬರ್ಟಣ್ಣ ಯಾರಿಗೂ ಹೇಳಿಲ್ಲವಂತೆ. ನಿಮಗೂ ಹೇಳಿಲ್ಲ."

"ಹೂಂ."

"ಬರೀ ಹೂಂ ಅಂದ್ರೆ ಹೇಗೆ? ಪಿಸ್ತೂಲು ನಿಮ್ಮದು. ಪಕ್ಕದ ಮನೆಯವರು ಓಡಿ ಬಂದಾಗ ಇದ್ದದ್ದು ನಿಮ್ಮ ಕೈಯಲ್ಲಿ. ಲೆಕ್ಕವೂ ನಿಮ್ಮದೇ. ನಾಳೆ ಶೆರಿಫ್ ಇದನ್ನೇ ಹೇಳ್ತಾರೆ. ನೋರೀನ್ ನಿಮ್ಮನ್ನ ಉಳಿಸೋಕೆ ಹೋಗಿ ಸಿಕ್ಕಿಸಿಬಿಟ್ಟಳು ಅಂತ ಮನೇಲಿ ಅಳ್ತಾ ಕೂತಿದಾಳೆ."

"ನೋರೀನ್‌ಗೆ ಅಳಬೇಡ ಅಂತ ಹೇಳು." ಇನ್ನೊಂದು ಹುರುಳಿಕಾಯಿ ಚಟಕ್ಕೆಂದಿತು. "ನಂಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಇದು ನೆಟ್ಟಗಾಗಿದ್ದು. ಹೋದ ವಾರ ಕೋಳಿಗೂಡಲ್ಲಿ ಹಾವು ಸೇರಿತ್ತು, ಮೊಟ್ಟೆ ಇಡೋ ಪೆಟ್ಟಿಗೇಲಿ. ಹೋಬರ್ಟ್ ಊರಿಗೆ ಹೋಗಿದ್ದ. ನಾನು ಎಂದಿನ ಹಾಗೆ ಬಲಕ್ಕೆ ಗೇಣು ಬಿಟ್ಟು ಹೊಡೆದೆ. ಹಾವಿಗೆ ಬೀಳಲಿಲ್ಲ, ಬಲಕ್ಕೆ ನೇತುಹಾಕಿದ್ದ ನನ್ನ ನೀಲಿ ಬೋಗುಣಿಗೆ ತೂತಾಯ್ತು." ಬೋಗುಣಿಯ ನೆನಪಿಗೆ ಅವಳಿಗೆ ಈಗಲೂ ಸಿಟ್ಟು ಬಂತು. "ಎರಡನೇದು ಸಿಕ್ಕಿಕೊಳ್ಳುತ್ತೆ ಅಂದ್ಕೊಂಡೆ, ಅದೂ ಇಲ್ಲ. ನೆಟ್ಟಗೆ ಹಿಡಿದು ಹೊಡೆದೆ. ಹಾವು ಸತ್ತಿತು. ಆಮೇಲೆ ಬಿಸಿಲಿಗೆ ಹಿಡಿದು ನೋಡಿದೆ."

"ಬಿಲ್ಲೆ ಅಂತ ಗೊತ್ತಾಯ್ತಾ?"

"ಅವನು ಗಣಿಗೆ ಹೋಗ್ತಿದ್ದಾಗ ದಿನಾ ಸಂಜೆ ಅದನ್ನ ಅವನ ಸೊಂಟದಿಂದ ಬಿಚ್ಚಿ ತೆಗೀತಿದ್ದೋಳು ನಾನು. ಗೊತ್ತಾಗದೆ ಇರುತ್ತಾ?"

ಬರ್ಲ್ ತಿನ್ನುವುದನ್ನು ನಿಲ್ಲಿಸಿದ್ದ.

"ಮತ್ತೆ ಹೋಬರ್ಟಣ್ಣನಿಗೆ ಯಾಕೆ ಹೇಳಲಿಲ್ಲ?"

"ಪಾಪ, ಗುಟ್ಟಾಗಿ ಮಾಡಿದಾನೆ, ಅವನ ಸಂತೋಷ ಯಾಕೆ ಹಾಳು ಮಾಡ್ಲಿ? ಕನ್ನಡಿ ಮುಂದೆ ನಿಂತು ಬೆರಗಾಗೋದನ್ನ ಅಭ್ಯಾಸ ಮಾಡ್ತಿದ್ದೆ ಕಣೋ. ಬಾಯಿ ಹೀಗೆ ತೆರೀಬೇಕು, ಕಣ್ಣು ಹೀಗೆ ಅಂತ." ನಿಜವಾಗಿ ಬಾಯಿ ತೆರೆದು ತೋರಿಸಿದಳು.

ನನಗೆ ಎದೆಯ ಮೇಲಿಂದ ಚಪ್ಪಡಿ ಸರಿದಂತಾಯಿತು. ಬೋಗುಣಿ ಇನ್ನೂ ಗೂಡಿನಲ್ಲೇ ತೂಗುತ್ತಿರಬೇಕು, ತೂತಿನ ಸಮೇತ. ಹೊಸ ಗುರಿ ಗೊತ್ತಿದ್ದವಳು ಹಳೆಯ ಲೆಕ್ಕದಲ್ಲಿ ಹೊಡೆಯುವುದಿಲ್ಲ.

"ಹಾಗಾದ್ರೆ ಹೊಡೆದದ್ದು ನೀವಲ್ಲ. ಇಷ್ಟು ದಿನ ಬಾಯಿ ಮುಚ್ಚಿಕೊಂಡು ಯಾರನ್ನ ಕಾಯ್ತಿದೀರಿ?"

ಅವಳು ಮಡಿಲಿನಿಂದ ಇನ್ನೊಂದು ಹುರುಳಿಕಾಯಿ ತೆಗೆದು ಮುರಿದಳು.

"ಬಲಕ್ಕೆ ಗೇಣು ಹಿಡಿ ಅಂತ ನಿಮಗೆ ಮೊದಲು ಹೇಳಿಕೊಟ್ಟದ್ದು ಯಾರು? ಈ ಪಿಸ್ತೂಲು ನಿಮಗಿಂತ ಮುಂಚೆ ಯಾರ ಕೈಲಿತ್ತು?"

ಹುರುಳಿಕಾಯಿ ಮುರಿಯುವ ಸದ್ದು ನಿಂತಿತು. ಅವಳು ಕಿಟಕಿಯ ಕಡೆ ನೋಡುತ್ತಾ ಕೂತಳು.

"ಹೋಗಿರೋದು ಹೋಗಿ ಆಯ್ತು ಎಲ್ಡನ್," ಅಂದಳು. "ಇನ್ನು ಯಾರಿಂದಲೂ ಹೋಬರ್ಟ್‌ಗೆ ತೊಂದರೆ ಇಲ್ಲ. ಅದಕ್ಕೆ ನಾನು ಜವಾಬ್ದಾರಿ. ನನ್ನ ಎಲ್ಲಿಗೆ ಬೇಕಾದ್ರೂ ಕಳಿಸು." ಆಮೇಲೆ ದನಿ ಒಡೆಯಿತು. "ಅವನು ಏನಾದ್ರೂ ತಿಂದನಾ? ರಾತ್ರಿ ಉಸಿರು ಕಟ್ಟಿದ್ರೆ ಎತ್ತಿ ಕೂರಿಸ್ಬೇಕು. ನರ್ಸುಗಳಿಗೆ ಅದು ಗೊತ್ತಾ? ಒಬ್ಬನೇ ಇದಾನಲ್ಲೋ ಅಲ್ಲಿ."

ಆ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಹೇಳಬೇಡಿ ಎಂದಿದ್ದನ್ನು ಹೇಳಿಬಿಟ್ಟೆ.

"ಒಬ್ಬರೇ ಇಲ್ಲ ಓಪಲಕ್ಕ. ಡೆಲ್ಮರ್ ಕೂತಿದಾನೆ. ಸ್ವಂತ ಮಗನ ಹಾಗೆ ಐಸು ತಿನ್ನಿಸ್ತಿದಾನೆ. ನೀವು ಚಿಂತೆ ಮಾಡ್ಬೇಡಿ."

ಅವಳ ಮಡಿಲಿನಿಂದ ಹುರುಳಿಕಾಯಿಯೆಲ್ಲ ನೆಲಕ್ಕೆ ಸುರಿಯಿತು.

"ಡೆಲ್ಮರ್ ಹೊರಟುಹೋದ," ಅಂದಳು. "ನದಿ ದಾಟಿ ಒಹಾಯೋಗೆ ಹೋದ. ಅಮ್ಮನ ಗೋರಿ ಮೇಲೆ ಆಣೆ ಇಟ್ಟು, ಇನ್ನು ಈ ಕಡೆ ಮುಖ ಹಾಕಲ್ಲ ಅಂದ. ಅದಕ್ಕೇ ಅವನ ಕೈಯಿಂದ ಪಿಸ್ತೂಲು ಇಸ್ಕೊಂಡು ಹಿಂದಿನ ಬಾಗಿಲಿಂದ ಕಳಿಸಿದ್ದು. ಅದಕ್ಕೇ ನಾನು ಸುಮ್ನಿದ್ದದ್ದು."

ನನ್ನ ಬೆನ್ನಲ್ಲಿ ನೋರೀನಳ ಹೆಬ್ಬೆರಳು ಊರಿದ್ದ ಜಾಗ ತಣ್ಣಗಾಯಿತು. ಓಪಲಕ್ಕನಿಗಿಂತ ಮುಂಚೆ ಪಿಸ್ತೂಲು ಇದ್ದದ್ದು ಡೆಲ್ಮರನ ಕೈಯಲ್ಲಿ. ಅದು ನೆಟ್ಟಗಾಗಿತ್ತು ಎಂಬ ಮಾತನ್ನು ಅವನ ಎದುರಿಗೇ ಎತ್ತಿ ಬಂದವನು ನಾನು. ಗುರಿ ಯಾಕೆ ತಪ್ಪಿತು ಎಂದು ಈಗ ಅವನಿಗೆ ಗೊತ್ತು.

ಬರ್ಲ್ ಆಫೀಸಿನ ಫೋನಿನಿಂದ ನರ್ಸುಗಳನ್ನು ಕರೆಯಲು ಓಡಿದ. ನಾನು ಅಡಿಗೆಮನೆಯ ಗೋಡೆಯ ಫೋನಿನಿಂದ ಹೋಬರ್ಟಣ್ಣನ ಕೋಣೆಗೇ ಮಾಡಿದೆ. ತುಂಬ ಹೊತ್ತು ರಿಂಗಾಯಿತು. ಎತ್ತಿದವನು ಡೆಲ್ಮರ್.

"ಭಾವ ಈಗ ತಾನೇ ಮಲಗಿದ್ರು," ಎಂದ ಪಿಸುದನಿಯಲ್ಲಿ. "ಎಬ್ಬಿಸೋದು ಬೇಡ."

ನಾನು ಬಾಯಿ ತೆರೆಯುವಷ್ಟರಲ್ಲಿ ಓಪಲಕ್ಕ ರಿಸೀವರನ್ನು ನನ್ನ ಕೈಯಿಂದ ತೆಗೆದುಕೊಂಡಳು. ಅವಳ ದನಿ ನಡುಗಲಿಲ್ಲ. ಮಗುವನ್ನು ಮಲಗಿಸುವವಳ ದನಿ ಅದು. ತಮ್ಮನನ್ನು ಚಿಕ್ಕಂದಿನ ಮುದ್ದಿನ ಹೆಸರಿನಿಂದಲೇ ಕರೆದಳು.

"ಬಬ್ಬಿ, ನಾನು ಕಣೋ. ಊಟ ಮಾಡಿದ್ಯಾ?"

ಆ ಕಡೆಯಿಂದ ಏನು ಬಂತೋ ನನಗೆ ಕೇಳಲಿಲ್ಲ.

"ಇಲ್ಲ, ಬೈಯ್ಯಲ್ಲ. ಯಾವತ್ತಾದ್ರೂ ಬೈದಿದೀನಾ ನಿಂಗೆ? ನೀನು ಅಲ್ಲೇ ಕೂತಿರು, ನನ್ನ ಜೊತೆ ಮಾತಾಡ್ತಾ ಇರು. ಚಿಕ್ಕೋನಿದ್ದಾಗ ಉಬ್ಬಸ ಬಂದ್ರೆ ಬೆಳಗಿನವರೆಗೂ ನಿನ್ನ ಎದೆ ಮೇಲೆ ಕಿವಿ ಇಟ್ಕೊಂಡು ಕೂತಿರ್ತಿದ್ದೆ, ನೆನಪಿದೆಯಾ?" ಅವಳ ಕಣ್ಣಿಂದ ನೀರು ಇಳಿದು ಗಲ್ಲದಿಂದ ತೊಟ್ಟಿಕ್ಕಿತು. ಒರೆಸಿಕೊಳ್ಳಲಿಲ್ಲ. "ಒಂದು ಕೆಲಸ ಮಾಡು ಬಬ್ಬಿ. ಫೋನು ಭಾವನ ಬಾಯಿ ಹತ್ರ ಹಿಡಿ. ಅವನ ಉಸಿರು ಕೇಳಿಸ್ಕೋಬೇಕು ನಂಗೆ. ಅಷ್ಟೇ ಸಾಕು."

ಅವಳು ಕಣ್ಣು ಮುಚ್ಚಿ, ರಿಸೀವರನ್ನು ಕಿವಿಗೆ ಒತ್ತಿಕೊಂಡು ಕೇಳಿಸಿಕೊಂಡಳು. ಹಜಾರದ ಆಚೆ ಬರ್ಲ್ ಯಾರಿಗೋ ಕೋಣೆಯ ನಂಬರು ಕೂಗಿ ಹೇಳುತ್ತಿದ್ದ. ನಾನು ಅವಳ ಮುಖವನ್ನೇ ನೋಡುತ್ತಾ ನಿಂತೆ.

"ಬಬ್ಬಿ," ಅಂದಳು ಕೊನೆಗೆ, ಅಷ್ಟೇ ಮೆತ್ತಗೆ. "ಇದರಲ್ಲಿ ಗೊರಗೊರ ಇಲ್ಲ. ಇದು ನಿನ್ನ ಉಸಿರು."